ಹಳೆಯ ದೊಡ್ಡ ಎಸ್‌ಯುವಿಗೆ ಎಷ್ಟು ಬೆಲೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವಾಹನ ಕೊಳ್ಳುವವರ ಮೇಜಿನ ಆಚೆ ಬದಿಯಲ್ಲಿ ನಾನು ಹಲವು ವರ್ಷ ಕುಳಿತಿದ್ದೆ. ಮೂರು ಸಾಲು ಸೀಟಿನ, ಎರಡು ಟನ್ನಿಗೂ ಮಿಕ್ಕಿ ತೂಗುವ ಗಾಡಿಗಳನ್ನು ಸುತ್ತು ಹಾಕಿ ನೋಡಿ ಒಂದು ಅಂಕಿ ಹೇಳುವುದು ನನ್ನ ಕೆಲಸವಾಗಿತ್ತು. ಆ ಅಂಕಿ ಕೇಳಿ ಮಾಲೀಕರ ಮುಖ ಬಾಡುವುದನ್ನು ದಿನವೂ ನೋಡುತ್ತಿದ್ದೆ. ಅವರು ಆಗ ಕೇಳುತ್ತಿದ್ದ ಪ್ರಶ್ನೆಗಳಿಗೆ ಆಗ ಕೊಡಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ದೊಡ್ಡ ಎಸ್‌ಯುವಿ ಎಂದರೆ ಯಾವುವು?

ಮೂರನೇ ಸಾಲಿನಲ್ಲಿ ದೊಡ್ಡವರೂ ಕೂರಬಹುದಾದ, ಭಾರದ ಟ್ರೇಲರ್ ಎಳೆಯಬಲ್ಲ ಗಾಡಿಗಳು. ಷೆವರ್ಲೆ ಸಬರ್ಬನ್, ಟಾಹೋ, ಫೋರ್ಡ್ ಎಕ್ಸ್‌ಪೆಡಿಷನ್, ಟೊಯೋಟ ಲ್ಯಾಂಡ್ ಕ್ರೂಸರ್, ನಿಸಾನ್ ಪಟ್ರೋಲ್ ಈ ಗುಂಪಿನವು. ಸಬರ್ಬನ್ ಹೆಸರು 1935ರಿಂದಲೂ ಚಾಲ್ತಿಯಲ್ಲಿದೆ. ರೇಂಜ್ ರೋವರ್, ಬಿಎಂಡಬ್ಲ್ಯು ಎಕ್ಸ್7 ಗಾತ್ರದಲ್ಲಿ ಇವುಗಳ ಜೊತೆಗಾರರೇ ಆದರೂ ಮರುಮಾರಾಟದಲ್ಲಿ ಅವುಗಳ ಜಾತಕವೇ ಬೇರೆ.

ಹೊಸದು ಕೊಂಡ ಮೇಲೆ ಬೆಲೆ ಎಷ್ಟು ಬೇಗ ಇಳಿಯುತ್ತದೆ?

ಮೊದಲ ವರ್ಷ ಧಡಕ್ಕನೆ ಇಳಿಯುತ್ತದೆ, ಆಮೇಲೆ ಇಳಿಜಾರು ಸಪಾಟಾಗುತ್ತ ಹೋಗುತ್ತದೆ. ಶೋರೂಮಿನ ಬೆಲೆಯನ್ನು 100 ಎಂದು ಇಟ್ಟುಕೊಳ್ಳಿ. ಐದು ವರ್ಷ ಕಳೆಯುವಾಗ ಗಟ್ಟಿಮುಟ್ಟೆಂದು ಹೆಸರಾದ ಕೆಲವು ಮಾದರಿಗಳು 60ರ ಆಸುಪಾಸಿನಲ್ಲಿ ಇನ್ನೂ ನಿಂತಿರುತ್ತವೆ. ಐಷಾರಾಮಿ ಮಾದರಿಗಳಲ್ಲಿ ಕೆಲವು 40ನ್ನೂ ದಾಟಿ ಕೆಳಗೆ ಹೋಗಿರುತ್ತವೆ. ಎರಡೂ ಬಗೆಯ ಮಾಲೀಕರು ಹೊಸದಕ್ಕೆ ಸರಿಸುಮಾರು ಒಂದೇ ಮೊತ್ತ ಸುರಿದಿದ್ದರೂ ಕೈಗೆ ಬರುವುದರಲ್ಲಿ ಇಷ್ಟು ಅಂತರ. ಗಾತ್ರ ದೊಡ್ಡದಾದ್ದರಿಂದ ಸವಕಳಿ ಹೆಚ್ಚು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ತೀರ್ಮಾನಿಸುವುದು ಮುಂದಿನ ಮಾಲೀಕನ ಭಯ.

ಭಯ ಎಂದರೆ?

ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಏಳು ವರ್ಷದ ಐಷಾರಾಮಿ ಎಸ್‌ಯುವಿಯನ್ನು ಮಧ್ಯಮ ದರ್ಜೆಯ ಹೊಸ ಕಾರಿನ ಬೆಲೆಗೆ ಕೊಳ್ಳಬಹುದು. ಆದರೆ ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ಗಾಡಿಯನ್ನು ಹೊರುವ ಅದರ ಏರ್ ಸಸ್ಪೆನ್ಷನ್ ಒಂದು ಮೂಲೆಯಲ್ಲಿ ಕುಸಿದು ಕೂತರೆ ಬರುವ ಬಿಲ್ಲು ಐಷಾರಾಮಿಯದೇ. ಬೆಳಿಗ್ಗೆ ನಿಲ್ಲಿಸಿದ ಜಾಗಕ್ಕೆ ಹೋದರೆ ಗಾಡಿ ಒಂದು ಭುಜ ಇಳಿಸಿ ನಿಂತಿರುತ್ತದೆ. ಗಾಳಿಚೀಲ ಸೋರಿದೆ, ಸೋರಿದ್ದನ್ನು ತುಂಬಿಸಲು ಹೆಣಗಿ ಕಂಪ್ರೆಸರ್ ಸುಟ್ಟಿದೆ. ಎರಡನೇ ಕೈ ಕೊಳ್ಳುವವನಿಗೆ ಇದೆಲ್ಲ ಗೊತ್ತು. ಗೊತ್ತಿಲ್ಲದಿದ್ದರೆ ಅವನ ಮೆಕ್ಯಾನಿಕ್ ಹೇಳುತ್ತಾನೆ. ಆ ಬಿಲ್ಲನ್ನು ಅವನು ಮೊದಲೇ ನಿಮ್ಮ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ, ಗಾಳಿಚೀಲ ಇನ್ನೂ ಗಟ್ಟಿಯಾಗಿಯೇ ಇದ್ದರೂ.

ಹಾಗಾದರೆ ಲ್ಯಾಂಡ್ ಕ್ರೂಸರ್ ಏಕೆ ಇಳಿಯುವುದಿಲ್ಲ?

ಇಳಿಯುತ್ತದೆ, ನಿಧಾನವಾಗಿ. 1951ರಲ್ಲಿ ಶುರುವಾದ ವಂಶ ಅದು. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸುವ ಹಳೆಯ ರೀತಿಯನ್ನು ಬಿಟ್ಟಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವೂ ಇನ್ನೊಂದು ಖಂಡದಲ್ಲಿ ಗಿರಾಕಿ ಹುಡುಕಿಕೊಳ್ಳುತ್ತವೆ. ಒಂದು ದೇಶದಲ್ಲಿ ಬೇಡಿಕೆ ಕುಸಿದರೂ ಬೇರೆ ದೇಶಗಳಲ್ಲಿ ಕೇಳುವವರು ಇರುವುದರಿಂದ ಬೆಲೆಗೆ ಕೆಳಗಿನಿಂದ ಊರುಗೋಲು ಇದ್ದಂತೆ.

ಎರಡನೆಯ ಕಾರಣ ಪೂರೈಕೆ. 2021ರಲ್ಲಿ ಲ್ಯಾಂಡ್ ಕ್ರೂಸರಿನ ಹೊಸ ಪೀಳಿಗೆಯಾದ 300 ಸರಣಿ ಬಂದಾಗ ಜಪಾನಿನಲ್ಲಿ ಕಾಯುವ ಅವಧಿ ವರ್ಷಗಳ ಲೆಕ್ಕಕ್ಕೆ ಹೋಯಿತು. ಒಂದು ವರ್ಷದೊಳಗೆ ಮರುಮಾರಾಟ ಮಾಡುವುದಿಲ್ಲ ಎಂದು ಕೊಳ್ಳುವವರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಸ್ಥಿತಿ ಬಂತು. ಹೊಸದಕ್ಕೆ ಅಷ್ಟು ಉದ್ದದ ಸಾಲು ಇರುವಾಗ ಹಳೆಯದರ ಬೆಲೆ ಬೀಳುವುದಾದರೂ ಹೇಗೆ?

ಇಂಧನದ ಬೆಲೆ ಏರಿದರೆ ನನ್ನ ಗಾಡಿಯ ಬೆಲೆ ಬೀಳುತ್ತದೆಯೇ?

ಬೀಳುತ್ತದೆ, ಅದರಲ್ಲೂ ಏರಿಕೆ ಹಠಾತ್ತಾಗಿದ್ದರೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ಅಮೆರಿಕದಲ್ಲಿ ದೊಡ್ಡ ಎಸ್‌ಯುವಿ ಮತ್ತು ಪಿಕಪ್‌ಗಳನ್ನು ಕೇಳುವವರು ಇರಲಿಲ್ಲ. ಲೀಸ್, ಅಂದರೆ ವರ್ಷಗಟ್ಟಲೆಯ ಬಾಡಿಗೆ ಕರಾರು, ಮುಗಿಸಿ ವಾಪಸು ಬಂದ ಗಾಡಿಗಳು ಅಂದಾಜಿಸಿದ್ದಕ್ಕಿಂತ ಎಷ್ಟೋ ಕಡಿಮೆಗೆ ಹೋದವು. ಫೋರ್ಡ್‌ನ ಸಾಲ ವಿಭಾಗ ಆ ವರ್ಷದ ಎರಡನೇ ತ್ರೈಮಾಸಿಕದಲ್ಲಿ ಇದೇ ಕಾರಣಕ್ಕೆ 2.1 ಶತಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಸವಕಳಿ ಲೆಕ್ಕ ಹಾಕುವುದನ್ನೇ ಕಸುಬಾಗಿಸಿಕೊಂಡವರ ಅಂದಾಜೇ ಅಷ್ಟು ತಪ್ಪಿತೆಂದರೆ ಉಳಿದವರ ಪಾಡು ಕೇಳಬೇಕೆ?

ಆದರೆ ಈ ಗಾಬರಿ ಬಹುಕಾಲ ನಿಲ್ಲುವುದಿಲ್ಲ. ತೈಲ ಇಳಿದರೆ ಅಥವಾ ಜನ ಹೊಸ ದರಕ್ಕೆ ಒಗ್ಗಿಕೊಂಡರೆ ಗಿರಾಕಿಗಳು ಮರಳುತ್ತಾರೆ. ಬಂಕಿನ ಫಲಕದಲ್ಲಿ ಅಂಕಿ ಜಿಗಿದ ವಾರದಲ್ಲೇ ಗಾಬರಿಗೆ ಬಿದ್ದು ಮಾರುವವರನ್ನು ನಾವು ಮೇಜಿನ ಆಚೆಯಿಂದ ನಗುಮುಖದಲ್ಲೇ ಬರಮಾಡಿಕೊಳ್ಳುತ್ತಿದ್ದೆವು.

ಪರಿಚಿತರೊಬ್ಬರು 2022ರಲ್ಲಿ ಕೊಂಡ ಬೆಲೆಗೇ ಮಾರಿದರಂತೆ. ನನಗೇಕೆ ಸಿಗುವುದಿಲ್ಲ?

ಅವರು ಬರಗಾಲದಲ್ಲಿ ಕಣಜ ತೆರೆದಿದ್ದರು. 2021–22ರಲ್ಲಿ ಚಿಪ್‌ಗಳ ಕೊರತೆಯಿಂದ ಕಾರ್ಖಾನೆಗಳು ನಿಂತು ನಿಂತು ನಡೆದವು. ಹೊಸ ಗಾಡಿ ಸಿಗದವರು ಹಳೆಯದರ ಮೇಲೆ ಮುಗಿಬಿದ್ದರು. ಆ ಬೆಲೆಯನ್ನು ಅಳತೆಗೋಲು ಮಾಡಿಕೊಂಡರೆ ಇಂದಿನ ಯಾವ ಬೆಲೆಯೂ ಮೋಸವಾಗಿಯೇ ಕಾಣುತ್ತದೆ. ಆ ದಿನಗಳಲ್ಲಿ ಹಳೆಯದನ್ನು ದುಬಾರಿ ಬೆಲೆಗೆ ಕೊಂಡವರ ಸಂಕಟ ಇನ್ನೂ ದೊಡ್ಡದು, ಅದನ್ನು ಸಾಲದ ಪ್ರಶ್ನೆಯಲ್ಲಿ ನೋಡೋಣ.

ಹಳೆಯದನ್ನು ಕೊಟ್ಟು ಹೊಸದು ಕೊಳ್ಳುವಾಗ ಡೀಲರ್ ವಿನಿಮಯದ ಬೆಲೆಯನ್ನು ಹೇಗೆ ಲೆಕ್ಕ ಹಾಕುತ್ತಾನೆ?

ಹಿಂದಿನಿಂದ ಮುಂದಕ್ಕೆ. ಮೊದಲು ಅವನ ತಲೆಗೆ ಬರುವುದು ನಿಮ್ಮ ಗಾಡಿಯಲ್ಲ, ಅದನ್ನು ತನ್ನ ಅಂಗಳದಿಂದ ಕೊಂಡು ಹೋಗುವ ಗಿರಾಕಿ. ಅವನು ಕೊಡುವುದು 100 ಎಂದಿರಲಿ. ಅದರಲ್ಲಿ ಟೈರು, ಬ್ರೇಕು, ಬಂಪರಿನ ಗೀರು, ಒಳಗಿನ ತೊಳೆತ ಎಂದು 7 ಹೋಯಿತು. ಮಾರಾಟವಾಗುವವರೆಗೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಡೀಲರ್ ಅದನ್ನು ಸಾಲದ ಹಣದಲ್ಲೇ ಕೊಂಡಿರುತ್ತಾನೆ, ಬಡ್ಡಿ ಓಡುತ್ತದೆ, ಬೆಲೆಯೂ ಇಳಿಯುತ್ತಿರುತ್ತದೆ. ಅದಕ್ಕೆ 4. ಲಾಭಕ್ಕೆ 9. ಕೊನೆಯದು ಎಣಿಕೆಗೆ ಸಿಗದ್ದು: ಗೇರ್‌ಬಾಕ್ಸಿನೊಳಗೆ ಏನಿದೆಯೋ ಎಂಬ ಅನುಮಾನಕ್ಕೆ 5. ಉಳಿದ 75 ನಿಮಗೆ. ಅಂಕಿಗಳು ವಿವರಣೆಗೆ ಇಟ್ಟುಕೊಂಡವು, ಕ್ರಮ ಮಾತ್ರ ಎಲ್ಲೆಡೆ ಇದೇ.

ಇದರಲ್ಲಿ ನೀವು ಅಲ್ಲಾಡಿಸಬಹುದಾದದ್ದು ಯಾವುದು? ಗಿರಾಕಿಯ 100 ಮಾರುಕಟ್ಟೆಯದು. ಬಡ್ಡಿ ಬ್ಯಾಂಕಿನದು. ಲಾಭವನ್ನು ಅವನು ಸುಲಭಕ್ಕೆ ಬಿಡುವುದಿಲ್ಲ. ಕರಗುವುದು ಅನುಮಾನದ 5 ಮಾತ್ರ, ಅದನ್ನು ಕರಗಿಸುವುದು ಕಾಗದ. ಪ್ರತಿ ಸರ್ವಿಸಿನ ಬಿಲ್ಲು, ಗೇರ್ ಎಣ್ಣೆ ಬದಲಿಸಿದ ದಿನಾಂಕ, ಎರಡನೇ ಕೀಲಿ. ಇವನ್ನು ಒಂದು ಕಡತದಲ್ಲಿ ಜೋಡಿಸಿ ತಂದವರ ಜೊತೆ ನಾನು ಚೌಕಾಸಿಯನ್ನು ಮೊಟಕು ಮಾಡುತ್ತಿದ್ದೆ. ಅಂಥ ಗಾಡಿ ನಾಳೆ ನನ್ನ ತಲೆಗೆ ಬರುವುದಿಲ್ಲ ಎಂಬ ನೆಮ್ಮದಿಗೂ ಒಂದು ಬೆಲೆ ಇದೆ.

ಅಂತರ್ಜಾಲದ ಅಂದಾಜು ಹೆಚ್ಚಿತ್ತು. ಗಾಡಿ ತೋರಿಸಿದ ಮೇಲೆ ಏಕೆ ಇಳಿಸಿದರು?

ಸ್ಥಿತಿ ಹೇಗಿದೆ ಎಂಬ ಪ್ರಶ್ನೆಗೆ ನೀವು ‘ಅತ್ಯುತ್ತಮ’ ಎಂದು ಒತ್ತಿರುತ್ತೀರಿ. ಹೆತ್ತವರಿಗೆ ಹೆಗ್ಗಣ ಮುದ್ದು. ದಿನವೂ ನೋಡುವ ಗೀರು ಕಣ್ಣಿಗೆ ಬೀಳುವುದಿಲ್ಲ, ದಿನವೂ ಮೂಗಿಗೆ ಬಡಿಯುವ ನಾಯಿಯ ವಾಸನೆ ವಾಸನೆಯೇ ಅಲ್ಲ. ಅಂದಾಜಿನ ನಮೂನೆಯಲ್ಲಿ ಅತ್ಯುತ್ತಮ ಎಂದರೆ ಹೊಸದರಂತೆ ಇರಬೇಕು. ಬಹುಪಾಲು ಗಾಡಿಗಳು ‘ಚೆನ್ನಾಗಿದೆ’ ಅಥವಾ ‘ಪರವಾಗಿಲ್ಲ’ ಎಂಬ ಸಾಲಿಗೆ ಸೇರುತ್ತವೆ.

ಇನ್ನೂ ಆಳದ ಕಾರಣವೊಂದಿದೆ. ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಯನ್ನೂ ಸ್ವಲ್ಪ ಕೆಟ್ಟದ್ದೆಂದೇ ಎಣಿಸಿ ಬೆಲೆ ಕಟ್ಟುತ್ತಾನೆ, ಒಳ್ಳೆಯ ಗಾಡಿಯವರು ಆ ಬೆಲೆಗೆ ಬೇಸತ್ತು ಮಾರುಕಟ್ಟೆಗೇ ಬರುವುದಿಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಿದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ನಮ್ಮ ಅಂಗಳದಲ್ಲಿ ಇದಕ್ಕೆ ಹೆಸರಿರಲಿಲ್ಲ, ಆದರೆ ನಾವು ದಿನವೂ ಮಾಡುತ್ತಿದ್ದುದು ಅದನ್ನೇ.

ಪರಿಶೀಲಕ ನಿಜವಾಗಿ ಏನು ನೋಡುತ್ತಾನೆ?

ಮೊದಲು ದೂರ ನಿಂತು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ಬಾಗಿಲುಗಳ ಸಾಲು ನೋಡುತ್ತಾನೆ. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಅನುಮಾನ ಬಂದರೆ ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣ ಹೊರಗೆ ಬರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ). ಒಂದು ಬಾಗಿಲು ಮಾತ್ರ 300 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಬಳಿಸಿದ್ದೀರಿ, ಸಾವಿರ ದಾಟಿದರೆ ಒಳಗೆ ಪುಟ್ಟಿ ತುಂಬಿದೆ.

ಆಮೇಲೆ ಮಂಡಿಯೂರಿ ಟೈರಿನ ಪಕ್ಕ ಓದುತ್ತಾನೆ. ಅಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರಿನಲ್ಲಿ ಎರಡಕ್ಕೆ ಬೇರೆ ವರ್ಷವಿದ್ದರೆ ಕಾರಣ ಕೇಳುತ್ತಾನೆ. ಒಳಬದಿ ಮಾತ್ರ ಸವೆದಿದ್ದರೆ ಕೇಳುವುದೂ ಇಲ್ಲ, ಸಸ್ಪೆನ್ಷನ್ ಎಂದು ಬರೆದುಕೊಳ್ಳುತ್ತಾನೆ. ದೊಡ್ಡ ಎಸ್‌ಯುವಿಯ ನಾಲ್ಕು ಟೈರಿನ ಬೆಲೆ ಸಣ್ಣ ಕಾರಿನದರ ಹಾಗಲ್ಲ, ಆದ್ದರಿಂದ ಇಲ್ಲಿ ಕಡಿತವೂ ದೊಡ್ಡದು.

ಒಳಗೆ ನನಗೆ ಬಹಳ ಹೇಳುತ್ತಿದ್ದುದು ಮೂರನೇ ಸಾಲು. ಅಲ್ಲಿಯ ಸೀಟು ಮಡಚುವ ಮೋಟಾರು ಕೆಲಸ ಮಾಡುತ್ತದೆಯೇ, ಅಡಿಯಲ್ಲಿ ಏನು ಚೆಲ್ಲಿದೆ, ಹಿಂದಿನ ಎಸಿ ಗಾಳಿ ತಣ್ಣಗಿದೆಯೇ ಎಂಬುದನ್ನು ಮಾಲೀಕರೇ ನೋಡಿರುವುದಿಲ್ಲ. ಒಮ್ಮೆ ಹೊರಗೆ ಕನ್ನಡಿಯಂತೆ ಹೊಳೆಯುವ ಗಾಡಿ ಬಂದಿತ್ತು. ಸ್ಟೆಪ್ನಿ ಇಡುವ ಗುಂಡಿಯ ಮುಚ್ಚಳ ಎತ್ತಿದರೆ ಅಂಗೈ ಅಗಲದ ಕೆಸರಿನ ಗೆರೆ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಅದರಲ್ಲೂ ಅದೇ ಎತ್ತರಕ್ಕೆ ಕಂದು ಗೆರೆ. ನೀರಿನಲ್ಲಿ ಮುಳುಗಿ ಎದ್ದ ಗಾಡಿ. ತಂದವರಿಗೂ ಗೊತ್ತಿರಲಿಲ್ಲ, ಅವರು ಅದನ್ನು ಎರಡನೇ ಕೈ ಕೊಂಡಿದ್ದರು. ಆ ದಿನ ಬೆಲೆ ಹೇಳುವುದು ನನಗೆ ಕಷ್ಟವಾಯಿತು.

ಕಿಲೋಮೀಟರ್ ಮುಖ್ಯವೋ, ವಯಸ್ಸು ಮುಖ್ಯವೋ?

ಎರಡೂ. ಆದರೆ ಕಿಲೋಮೀಟರ್ ಎಂಥದ್ದು ಎಂಬುದನ್ನು ಯಾರೂ ಕೇಳುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಲಕ್ಷ ಕಿಲೋಮೀಟರ್ ಎಂಜಿನ್ನಿಗೆ ಅಂಥ ಹೊರೆಯಲ್ಲ. ಎರಡೆರಡು ಕಿಲೋಮೀಟರ್ ಓಡಿ ನಿಲ್ಲಿಸುತ್ತ ಕೂಡಿಸಿದ ಮೂವತ್ತು ಸಾವಿರ ಡೀಸೆಲ್ ಗಾಡಿಯ ಹೊಗೆಯ ಮಸಿ ಹಿಡಿಯುವ ಶೋಧಕವನ್ನು ಕಟ್ಟಿಸಿಬಿಡಬಲ್ಲದು, ಏಕೆಂದರೆ ಮಸಿ ಸುಡುವಷ್ಟು ಅದು ಬಿಸಿಯಾಗುವುದೇ ಇಲ್ಲ. ಚಾಲಕನ ಸೀಟಿನ ಅಂಚು, ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಚರ್ಮ ಹೇಳುವ ಲೆಕ್ಕ ಮೀಟರಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಮಾರುವ ಮುನ್ನ ರಿಪೇರಿ ಮಾಡಿಸಲೇ?

ಸಣ್ಣದ್ದನ್ನು ಮಾಡಿಸಿ, ದೊಡ್ಡದನ್ನು ಬಿಡಿ. ಒಳಗೆ ಹೊರಗೆ ಚೆನ್ನಾಗಿ ತೊಳೆಸುವುದು, ಬಣ್ಣ ಕೆಡಿಸದೆ ನೆಗ್ಗು ತೆಗೆಸುವುದು, ಹೋದ ಬಲ್ಬು ಹಾಕಿಸುವುದು ಹಾಕಿದ ಹಣಕ್ಕಿಂತ ಹೆಚ್ಚು ತರುತ್ತವೆ. ಎಂಜಿನ್ ಕೆಲಸ, ಪೂರ್ತಿ ಬಣ್ಣ ತರುವುದಿಲ್ಲ. ಡೀಲರ್ ಅದೇ ಕೆಲಸವನ್ನು ತನ್ನ ವರ್ಕ್‌ಶಾಪಿನಲ್ಲಿ ನಿಮಗಿಂತ ಅಗ್ಗವಾಗಿ ಮಾಡಿಸಬಲ್ಲ. ಹೊಸ ಬಣ್ಣವಂತೂ ಏನನ್ನೋ ಮುಚ್ಚಿದ್ದಾರೆ ಎಂಬ ಗುಮಾನಿಯನ್ನೇ ಹುಟ್ಟಿಸುತ್ತದೆ.

ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರಿನಿಂದ ಅಳಿಸಿ ತರಬೇಡಿ. ಗಾಡಿಯ ದೋಷಗಳನ್ನು ತಾನೇ ಪತ್ತೆಹಚ್ಚಿ ದಾಖಲಿಸುವ, ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆ ಈಗ ಬಹುತೇಕ ಎಲ್ಲೆಡೆ ಒಂದಲ್ಲ ಒಂದು ರೂಪದಲ್ಲಿದೆ. ದೀಪ ಅಳಿಸಿದರೆ ಗಾಡಿಯ ಸ್ವಯಂ ಪರೀಕ್ಷೆಗಳೂ ಅಳಿಸಿಹೋಗಿ ‘ಇನ್ನೂ ಮುಗಿದಿಲ್ಲ’ ಎಂದು ತೋರಿಸುತ್ತವೆ. ಪರಿಶೀಲಕನಿಗೆ ಅಷ್ಟು ಸಾಕು. ಒಂದು ಅಗ್ಗದ ಸೆನ್ಸರಿನ ದೋಷಕ್ಕೆ ಅವನು ಗೇರ್‌ಬಾಕ್ಸಿನ ಹಣ ಮುರಿಯುತ್ತಾನೆ.

ದೊಡ್ಡ ಚಕ್ರ, ಎತ್ತರಿಸಿದ ಸಸ್ಪೆನ್ಷನ್, ಹೆಚ್ಚುವರಿ ದೀಪ ಹಾಕಿಸಿದ್ದೇನೆ. ಇದಕ್ಕೆ ಬೆಲೆ ಸಿಗುತ್ತದೆಯೇ?

ಇಲ್ಲ, ಹಲವು ಸಲ ಕಡಿತವಾಗುತ್ತದೆ. ನಿಮ್ಮ ಅಭಿರುಚಿಯನ್ನೇ ಹುಡುಕುತ್ತಿರುವ ಒಬ್ಬನಿಗೆ ನೇರವಾಗಿ ಮಾರಿದರೆ ಸ್ವಲ್ಪ ಬರಬಹುದು. ಮೂಲ ಚಕ್ರಗಳನ್ನು ಎಸೆಯದೆ ಇಟ್ಟಿದ್ದರೆ ಅವನ್ನು ಮತ್ತೆ ಹಾಕಿ, ಅಲಂಕಾರವನ್ನು ಬಿಚ್ಚಿ ಬೇರೆಯಾಗಿ ಮಾರಿ. ಟ್ರೇಲರ್ ಎಳೆಯುವ ಕೊಕ್ಕೆ ಮಾತ್ರ ಇಬ್ಬಗೆಯದು: ಅದನ್ನು ಬಯಸುವ ಗಿರಾಕಿಗಳಿದ್ದಾರೆ, ಅದು ತೀರಾ ಸವೆದಿದ್ದರೆ ಗೇರ್‌ಬಾಕ್ಸ್ ಎಷ್ಟು ದುಡಿದಿದೆ ಎಂಬ ಪ್ರಶ್ನೆಯೂ ಏಳುತ್ತದೆ.

ಬಣ್ಣಕ್ಕೆ ಬೆಲೆ ಇದೆಯೇ?

ಬಿಳಿ, ಕಪ್ಪು, ಬೂದು ಬೇಗ ಹೋಗುತ್ತವೆ. ಉಳಿದವು ತಮ್ಮ ಗಿರಾಕಿಗಾಗಿ ಕಾಯುತ್ತವೆ.

ಡೀಸೆಲ್ಲೋ, ಪೆಟ್ರೋಲೋ, ವಿದ್ಯುತ್ತೋ?

ಭಾರ ಎಳೆಯಲು, ದೂರ ಓಡಲು ಡೀಸೆಲ್ ಈಗಲೂ ಸರಿ. ಆದರೆ 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಬಯಲಾದ ಮೇಲೆ ಅನುಮಾನ ಡೀಸೆಲ್ಲಿನ ಇಡೀ ಕುಲಕ್ಕೆ ಅಂಟಿಕೊಂಡಿತು. ಹಳೆಯ ಡೀಸೆಲ್ ಗಾಡಿಗಳಿಗೆ ನಗರದೊಳಗೆ ಪ್ರವೇಶ ಬಿಗಿಗೊಳಿಸಿದ ಕಡೆಗಳಲ್ಲಿ ಗಾಡಿ ಎಷ್ಟೇ ಚೆನ್ನಾಗಿರಲಿ, ನಿಯಮದ ತಾರೀಖೇ ಬೆಲೆ ನಿರ್ಧರಿಸುತ್ತದೆ.

ವಿದ್ಯುತ್ ಎಸ್‌ಯುವಿಗಳ ಕಥೆ ಇನ್ನೂ ಬರೆಯಲಾಗುತ್ತಿದೆ. 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆ ಕತ್ತರಿಸಿದ ಕೂಡಲೇ ಹಳೆಯವುಗಳ ಬೆಲೆಯೂ ಜಾರಿತು. ಹೊಸದರ ಬೆಲೆ ಕಂಪನಿಯ ಒಂದು ನಿರ್ಧಾರದಲ್ಲಿ ಇಳಿಯುವುದಾದರೆ ಹಳೆಯದಕ್ಕೆ ನೆಲವೆಲ್ಲಿ? ಮಾರುವವರು ಬ್ಯಾಟರಿಯ ಆರೋಗ್ಯದ ವರದಿ ಮತ್ತು ಉಳಿದ ವಾರಂಟಿ ಕೈಯಲ್ಲಿಟ್ಟುಕೊಂಡು ಹೋಗಿ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ.

ವಿನಿಮಯಕ್ಕೆ ಕೊಡಲೇ, ನಾನೇ ನೇರವಾಗಿ ಮಾರಲೇ?

ನೇರ ಮಾರಾಟದಲ್ಲಿ ಹೆಚ್ಚು ಬರುತ್ತದೆ. ಅಪರಿಚಿತರ ಕರೆ, ಬಂದು ಬಂದು ಹೋಗುವವರು, ಪರೀಕ್ಷಾ ಸವಾರಿ, ಹಣ ಕೈಸೇರುವ ಆತಂಕ ಎಲ್ಲವೂ ನಿಮ್ಮದೇ. ದೊಡ್ಡ ಎಸ್‌ಯುವಿಗೆ ಗಿರಾಕಿಗಳು ಸಣ್ಣ ಕಾರಿನಷ್ಟು ಇರುವುದಿಲ್ಲ, ವಾರಗಟ್ಟಲೆ ಹಿಡಿಯಬಹುದು. ಕೆಲವು ಕಡೆ ಹಳೆಯದರ ಬೆಲೆ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಹೊಸದರ ಮೇಲೆ ತೆರಿಗೆ ಹಾಕುತ್ತಾರೆ. ಅಂಥ ಕಡೆ ಆ ಉಳಿತಾಯವನ್ನು ವಿನಿಮಯದ ಬೆಲೆಗೆ ಸೇರಿಸಿಯೇ ಹೋಲಿಸಬೇಕು.

ವಿನಿಮಯಕ್ಕೇ ಹೋಗುವುದಾದರೆ ಒಂದು ಆಟದ ಬಗ್ಗೆ ಎಚ್ಚರ. ಮೇಜಿನ ಮೇಲೆ ಮೂರು ಅಂಕಿಗಳಿರುತ್ತವೆ: ಹಳೆಯದರ ಬೆಲೆ, ಹೊಸದರ ರಿಯಾಯಿತಿ, ಸಾಲದ ಕಂತು. ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಮಾರಾಟಗಾರನ ಕೈಚಳಕ. ಹಳೆಯದಕ್ಕೆ ಎಲ್ಲಿಯೂ ಸಿಗದ ಬೆಲೆ ಸಿಕ್ಕಿತೆಂದು ಹಿಗ್ಗಿ ಹೋದ ದಂಪತಿಯೊಬ್ಬರು ನನಗೆ ನೆನಪಿದ್ದಾರೆ. ಹೊಸದರ ಮೇಲೆ ಬರಬೇಕಿದ್ದ ರಿಯಾಯಿತಿ ಪೂರ್ತಿ ಮಾಯವಾಗಿತ್ತು, ಕಂತು ಕಡಿಮೆ ಕಾಣಲು ಸಾಲದ ಅವಧಿ ಎರಡು ವರ್ಷ ಉದ್ದವಾಗಿತ್ತು. ಅವರು ಕೈ ಕುಲುಕಿ ಧನ್ಯವಾದ ಹೇಳಿದರು, ನಾನು ಸುಮ್ಮನಿದ್ದೆ. ನೀವು ಮಾಡಬೇಕಾದದ್ದು ಸರಳ: ಹೊಸದರ ಕೊನೆಯ ಬೆಲೆಯನ್ನು ಮೊದಲು ಬರೆಸಿಕೊಳ್ಳಿ, ಹಳೆಯದರ ಮಾತು ಆಮೇಲೆ ಎತ್ತಿ. ಬೇರೆ ಎರಡು ಕಡೆಯಿಂದ ಹಳೆಯದಕ್ಕೆ ಬೆಲೆ ಬರೆಸಿ ತಂದಿದ್ದರೆ ಇನ್ನೂ ಒಳ್ಳೆಯದು.

ಕೊಡುವ ಬೆಲೆಗಿಂತ ಬಾಕಿ ಸಾಲವೇ ಹೆಚ್ಚಿದೆ. ಏನು ಮಾಡಲಿ?

ಸಾಧ್ಯವಾದರೆ ಕಾಯಿರಿ. ಆ ಕೊರತೆಯನ್ನು ಹೊಸ ಸಾಲದೊಳಗೆ ಸೇರಿಸಿಕೊಡುತ್ತೇವೆ ಎಂದು ಮುಗುಳ್ನಗುತ್ತ ಹೇಳುತ್ತಾರೆ. ಅದರ ಅರ್ಥ, ನಿಮ್ಮ ಬಳಿ ಇಲ್ಲದ ಗಾಡಿಗೆ ಇನ್ನೂ ಐದು ವರ್ಷ ಬಡ್ಡಿ ಕಟ್ಟುವುದು. ಚಿಪ್‌ಗಳ ಕೊರತೆಯ ದಿನಗಳಲ್ಲಿ, 2022ರಲ್ಲಿ, ದುಬಾರಿ ಬೆಲೆಗೆ ಕೊಂಡ ಹಲವರು ಸಿಕ್ಕಿಬಿದ್ದದ್ದು ಇಲ್ಲಿಯೇ. ಮಾರಲೇಬೇಕಾದರೆ ಕೊರತೆಯನ್ನು ಕೈಯಿಂದ ತೀರಿಸಿ, ಇಲ್ಲವೇ ಚಿಕ್ಕ ಗಾಡಿಗೆ ಇಳಿಯಿರಿ.

ಅಪಘಾತವಾಗಿತ್ತು, ಸರಿಪಡಿಸಿದ್ದೇನೆ. ಹೇಳಲೇಬೇಕೆ?

ಹೇಳಿ. ಬಣ್ಣದ ಅಳತೆ, ವಿಮೆಯ ದಾಖಲೆ, ಚಾಸಿ ಸಂಖ್ಯೆಯ ಜಾಡು ಯಾವುದಾದರೊಂದು ಹೇಳಿಯೇ ಹೇಳುತ್ತದೆ. ನೀವೇ ಬಿಲ್ಲು ತೋರಿಸಿ ಹೇಳಿದ ಅಪಘಾತಕ್ಕೆ ಒಂದು ಕಡಿತ. ಅವರೇ ಕಂಡುಹಿಡಿದರೆ ಅದಕ್ಕೂ ಕಡಿತ, ನಿಮ್ಮ ಉಳಿದೆಲ್ಲ ಮಾತಿಗೂ ಕಡಿತ.

ಯಾವಾಗ ಮಾರಿದರೆ ಒಳ್ಳೆಯದು?

ವಾರಂಟಿ ಮುಗಿಯುವ ಮುನ್ನ ಕೆಲವು ತಿಂಗಳು ಇರುವಾಗ. ಹೊಸ ಪೀಳಿಗೆಯ ಮಾದರಿ ಅಂಗಡಿಗೆ ಬರುವ ಮುನ್ನ. ದೊಡ್ಡ ಖರ್ಚಿನ ಸರ್ವಿಸಿನ ಗಡಿ ಹತ್ತಿರವಾದಾಗ ಸರ್ವಿಸ್ ಮಾಡಿಸಿ ಇಟ್ಟುಕೊಳ್ಳಿ, ಇಲ್ಲವೇ ಅದಕ್ಕೆ ಮುನ್ನ ಮಾರಿ, ಆ ಬಿಲ್ಲು ಕಟ್ಟಿದ ಮರುವಾರ ಮಾತ್ರ ಮಾರಬೇಡಿ. ಹಿಮ ಬೀಳುವ ಸೀಮೆಗಳಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಗಾಡಿಗೆ ಚಳಿಗಾಲದ ಹೊಸ್ತಿಲಲ್ಲಿ ಬೇಡಿಕೆ ಏರುತ್ತದೆ.

ಕೊಟ್ಟ ಬೆಲೆ ಎಷ್ಟು ದಿನ ನಿಲ್ಲುತ್ತದೆ?

ಕೆಲವೇ ದಿನ, ಬಹಳವೆಂದರೆ ಒಂದು ವಾರದಷ್ಟು, ಅದೂ ಬರವಣಿಗೆಯಲ್ಲಿದ್ದರೆ. ಬಾಯಿಮಾತಿನ ಬೆಲೆ ನೀವು ಗೇಟು ದಾಟುವವರೆಗೆ.

ಕೀಲಿ ಕೊಡುವ ದಿನ ಮರೆಯಬಾರದ್ದು?

ಬಾಕಿ ಸಾಲ ತೀರಿದ್ದಕ್ಕೆ ಪತ್ರ, ನೋಂದಣಿ ಕೊಂಡವರ ಹೆಸರಿಗೆ ಬದಲಾದದ್ದಕ್ಕೆ ರುಜುವಾತು. ಇವು ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಗಾಡಿಯ ಪರದೆಯನ್ನು. ನಾನು ಎಂಜಿನ್ ಹಚ್ಚಿದಾಗ ನಕ್ಷೆಯಲ್ಲಿ ಹಿಂದಿನ ಮಾಲೀಕರ ‘ಮನೆ’ ಗುರುತು, ಮಕ್ಕಳ ಶಾಲೆ, ಫೋನಿನ ಪೂರ್ತಿ ವಿಳಾಸ ಪುಸ್ತಕ ತೆರೆದುಕೊಂಡದ್ದು ಎಷ್ಟು ಸಲವೋ. ಎಲ್ಲವನ್ನೂ ಅಳಿಸಿ, ಕಂಪನಿಯ ಆ್ಯಪಿನಿಂದ ಗಾಡಿಯನ್ನು ತೆಗೆದುಹಾಕಿ. ಡ್ಯಾಶ್‌ಬೋರ್ಡಿನ ಸಣ್ಣ ಗೂಡಿನಲ್ಲಿ, ಸೀಟಿನ ಸಂದಿಯಲ್ಲಿ ಕೈಯಾಡಿಸಿ. ಒಂದು ಸಲ ಅಲ್ಲಿ ನನಗೆ ಸಿಕ್ಕಿದ್ದು ಮಾಲೀಕರು ಹುಡುಕಿ ಹುಡುಕಿ ಸೋತು ಬೆಲೆಯಲ್ಲಿ ಮುರಿಸಿಕೊಂಡಿದ್ದ ಎರಡನೇ ಕೀಲಿ.